ಮೊದಲು ಪೆನ್ನು, ಆಮೇಲೆ ಎಐ: ಪಿಯುಸಿ ಓದುವವರಿಗೆ ಒಂದು ಮಾರ್ಗದರ್ಶಿ

ಎಸೆಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಸೈನ್ಸ್ ತಗೊಂಡವರ ಪಾಡು ಮೊದಲ ಎರಡು ತಿಂಗಳು ಹೆಚ್ಚುಕಡಿಮೆ ಒಂದೇ ಥರ. ಲೆಕ್ಚರರ್ ಹೇಳುತ್ತಿರುವುದರಲ್ಲಿ ಅರ್ಧ ಗೊತ್ತಿರುವ ವಿಷಯವೇ. ಆದರೆ ಒಂದು ಪದವೂ ಗುರುತು ಸಿಗುವುದಿಲ್ಲ. ಹತ್ತನೇ ಕ್ಲಾಸಿನಲ್ಲಿ ಶಾಲೆಗೇ ಮೊದಲು ಬಂದವರು ಇಲ್ಲಿ ಮೊದಲ ಟೆಸ್ಟಿನಲ್ಲಿ ಪಾಸಾದರೆ ಸಾಕು ಅನ್ನುವಂತಾಗುತ್ತದೆ. ತುಂಬಿದ ಕ್ಲಾಸಿನಲ್ಲಿ ಎದ್ದು ನಿಂತು ಡೌಟ್ ಕೇಳಲು ಸಂಕೋಚ. ಟ್ಯೂಷನ್‌ಗೆ ದುಡ್ಡು ಹೊಂದಿಸುವುದು ಎಲ್ಲ ಮನೆಯಲ್ಲೂ ಆಗುವ ಮಾತಲ್ಲ.

ಇಂಥವರ ಕೈಗೆ ಈಗ ಚಾಟ್‌ಜಿಪಿಟಿ, ಜೆಮಿನಿ ಥರದ ಎಐ ಟೂಲ್‌ಗಳು ಸಿಕ್ಕಿವೆ. ರಾತ್ರಿ ಹನ್ನೊಂದು ಗಂಟೆಗೂ ಉತ್ತರ ಹೇಳುತ್ತವೆ. ಒಂದೇ ಪ್ರಶ್ನೆಯನ್ನು ಐದು ಸಲ ಕೇಳಿದರೂ ಗದರುವುದಿಲ್ಲ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಹೇಳುತ್ತವೆ. ಇದು ಸಣ್ಣ ವಿಷಯವೇನಲ್ಲ.

ಆದರೆ ಬಳಸುವ ರೀತಿ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಟರ್ಕಿಯ ಒಂದು ಹೈಸ್ಕೂಲಿನಲ್ಲಿ ನಡೆದ ಪ್ರಯೋಗ ನೋಡಿ. ಸುಮಾರು ಸಾವಿರ ಮಕ್ಕಳು, ವಿಷಯ ಗಣಿತ. ಒಂದು ಗುಂಪಿಗೆ ಎಐ ಇಲ್ಲ. ಇನ್ನೊಂದಕ್ಕೆ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಎಐ. ಮೂರನೆಯದಕ್ಕೆ ಉತ್ತರ ಬಿಟ್ಟುಕೊಡದೆ ಸುಳಿವು ಮಾತ್ರ ಹೇಳುವಂತೆ ಮೊದಲೇ ಕಟ್ಟಿಹಾಕಿದ ಎಐ. ಅಭ್ಯಾಸದ ಲೆಕ್ಕಗಳಲ್ಲಿ ಎರಡನೇ ಗುಂಪು ಮೊದಲನೆಯದಕ್ಕಿಂತ ಶೇ. 48ರಷ್ಟು, ಮೂರನೆಯದು ಶೇ. 127ರಷ್ಟು ಚೆನ್ನಾಗಿ ಮಾಡಿತು. ಆಮೇಲೆ ಎಐ ಕಿತ್ತುಕೊಂಡು ಪರೀಕ್ಷೆ ಕೊಟ್ಟರು. ಎರಡನೇ ಗುಂಪು, ಎಐ ಮುಟ್ಟದೇ ಇದ್ದ ಮಕ್ಕಳಿಗಿಂತ ಶೇ. 17ರಷ್ಟು ಕೆಳಗೆ ಬಿತ್ತು. ಸುಳಿವಿನ ಗುಂಪಿಗೆ ಆ ಪೆಟ್ಟು ಬೀಳಲಿಲ್ಲ. 2024ರಲ್ಲಿ ಹೊರಬಂದ ಈ ಅಧ್ಯಯನದಲ್ಲಿ ನನಗೆ ಜಾಸ್ತಿ ಚಿಂತೆ ಹುಟ್ಟಿಸಿದ್ದು ಇನ್ನೊಂದು ಸಂಗತಿ. ಕೆಳಗೆ ಬಿದ್ದ ಮಕ್ಕಳಿಗೆ ತಾವು ಕಮ್ಮಿ ಕಲಿತಿದ್ದೇವೆ ಅಂತ ಅನ್ನಿಸಿಯೇ ಇರಲಿಲ್ಲ.

ಪಿಯು ಬೋರ್ಡ್ ಪರೀಕ್ಷೆಗೂ ಸಿಇಟಿಗೂ ಫೋನ್ ಒಳಗೆ ಬಿಡುವುದಿಲ್ಲ. ಹಾಗಾಗಿ ನೀವು ಆ ಮೂರನೇ ಗುಂಪಿನಲ್ಲಿ ಇರಬೇಕು. ಅದಕ್ಕೆ ಏನೇನು ಮಾಡಬೇಕು ಅನ್ನುವುದೇ ಮುಂದಿನ ಹೆಜ್ಜೆಗಳು. ಉದಾಹರಣೆಗಳೆಲ್ಲ ಸೈನ್ಸ್‌ನವು. ಕಾಮರ್ಸ್, ಆರ್ಟ್ಸ್‌ನವರು ಅದೇ ದಾರಿಯನ್ನು ತಮ್ಮ ವಿಷಯಕ್ಕೆ ಹೊಂದಿಸಿಕೊಳ್ಳಬಹುದು.

ಹೆಜ್ಜೆ 1: ಒಂದು ಟೂಲ್ ಸಾಕು, ಸೆಟ್ಟಿಂಗ್ಸ್ ಮೊದಲು

ಚಾಟ್‌ಜಿಪಿಟಿ, ಜೆಮಿನಿ, ಕೋಪೈಲಟ್, ವಾಟ್ಸಾಪ್ ಒಳಗೇ ಕೂತಿರುವ ಮೆಟಾ ಎಐ ಹೀಗೆ ಹತ್ತಾರು ಇವೆ. ಎಲ್ಲವನ್ನೂ ಇನ್‌ಸ್ಟಾಲ್ ಮಾಡಿ, ಯಾವುದು ಚೆನ್ನಾಗಿದೆ ಅಂತ ಹೋಲಿಸುತ್ತಾ ಕೂತರೆ ಒಂದು ವಾರ ಹೋಗುತ್ತದೆ. ಪಿಯುಸಿ ಮಟ್ಟಕ್ಕೆ ಯಾವುದಾದರೂ ಒಂದರ ಉಚಿತ ಆವೃತ್ತಿ ಸಾಕು. ಅದರ ಜೊತೆಗೆ ಗೂಗಲ್‌ನ ನೋಟ್‌ಬುಕ್‌ಎಲ್‌ಎಂ ಇದ್ದರೆ ಒಳ್ಳೆಯದು. ಕಾರಣ ಮುಂದಿನ ಹೆಜ್ಜೆಯಲ್ಲಿದೆ.

ವಯಸ್ಸಿನ ವಿಷಯ ನೆನಪಿರಲಿ. ಚಾಟ್‌ಜಿಪಿಟಿಯನ್ನು 13 ತುಂಬಿದವರು ಬಳಸಬಹುದು, ಆದರೆ 18 ಆಗುವವರೆಗೆ ಅಪ್ಪ-ಅಮ್ಮನ ಒಪ್ಪಿಗೆ ಬೇಕು. ಕ್ಲಾಡ್ ಅನ್ನುವ ಇನ್ನೊಂದು ಎಐಗೆ 18 ಆಗಿರಲೇಬೇಕು. ಸುಳ್ಳು ಹುಟ್ಟಿದ ದಿನಾಂಕ ಹಾಕಿ ಖಾತೆ ತೆರೆದರೆ, ಚಿಕ್ಕವರಿಗಾಗಿ ಇಟ್ಟಿರುವ ರಕ್ಷಣೆಗಳೂ ಕೈತಪ್ಪುತ್ತವೆ.

ಖಾತೆ ತೆರೆದ ಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ. ಚಾಟ್‌ಜಿಪಿಟಿಯಲ್ಲಿ ಡೇಟಾ ಕಂಟ್ರೋಲ್ಸ್ ಅಂತ ಒಂದು ಜಾಗವಿದೆ. ನಿಮ್ಮ ಮಾತುಕತೆಯನ್ನು ಮಾಡೆಲ್ ಸುಧಾರಿಸಲು ಬಳಸುವ ಬಟನ್ ಅಲ್ಲಿದೆ, ಆಫ್ ಮಾಡಿ. ಜೆಮಿನಿಯಲ್ಲಿ ಆ್ಯಕ್ಟಿವಿಟಿ ಉಳಿಸಿಕೊಳ್ಳುವ ಆಯ್ಕೆ ಬೇರೆಯೇ ಇದೆ, ಅದನ್ನೂ ನೋಡಿ. ಅಪ್ಪನ ಫೋನಿನಲ್ಲಿ ಓದುವವರಾದರೆ ಮುಗಿದ ಮೇಲೆ ಲಾಗೌಟ್ ಮಾಡಿ. ಆಧಾರ್ ಕಾರ್ಡ್, ಹಾಲ್ ಟಿಕೆಟ್, ಮಾರ್ಕ್ಸ್ ಕಾರ್ಡ್, ಸ್ಕಾಲರ್‌ಶಿಪ್ ಅರ್ಜಿಯ ಫೋಟೋ ಯಾವುದನ್ನೂ ಅಪ್‌ಲೋಡ್ ಮಾಡಬೇಡಿ. ಅರ್ಜಿ ತುಂಬುವುದರಲ್ಲಿ ಡೌಟ್ ಇದ್ದರೆ ಪ್ರಶ್ನೆ ಕೇಳಿ, ದಾಖಲೆ ತೋರಿಸುವ ಅಗತ್ಯವೇ ಇಲ್ಲ.

ದುಡ್ಡಿನ ಬಗ್ಗೆ ಒಂದು ಮಾತು. ಮೊಬೈಲ್ ರೀಚಾರ್ಜ್ ಜೊತೆ ಎಐ ಫ್ರೀ, ವಿದ್ಯಾರ್ಥಿಗಳಿಗೆ ಒಂದು ವರ್ಷ ಫ್ರೀ ಅನ್ನುವ ಆಫರ್‌ಗಳು ಬರುತ್ತಿರುತ್ತವೆ. ಕೆಲವು ನಿಜವಾಗಿಯೂ ಉಪಯುಕ್ತ. ಆದರೆ ಅವಧಿ ಮುಗಿದ ಮೇಲೆ ತಾನೇ ದುಡ್ಡು ಕಟ್ ಆಗುವಂತೆ ಯುಪಿಐ ಆಟೋಪೇ ಕೇಳುತ್ತಿದೆಯಾ ನೋಡಿ. ಒಪ್ಪಿಕೊಂಡಿದ್ದರೆ ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಹೆಜ್ಜೆ 2: ನಿಮ್ಮ ಪುಸ್ತಕವನ್ನು ಅದರ ಮುಂದೆ ಇಡಿ

ಬಹಳ ಮಂದಿ ಬಿಟ್ಟುಬಿಡುವ ಹೆಜ್ಜೆ ಇದು. ತೊಂದರೆ ಶುರುವಾಗುವುದೂ ಇಲ್ಲಿಂದಲೇ.

ಎಐಗೆ ನೀವು ಯಾರು, ಯಾವ ಪುಸ್ತಕ ಓದುತ್ತಿದ್ದೀರಿ ಅಂತ ಗೊತ್ತಿಲ್ಲ. ಅದು ಲೋಕದ ಎಲ್ಲ ಪುಸ್ತಕಗಳ ಬೆರಕೆಯಿಂದ ಮಾತಾಡುತ್ತದೆ. ಮಸೂರದ ಸೂತ್ರವನ್ನೇ ತಗೊಳ್ಳಿ. ನಮ್ಮ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಕಾರ್ಟೀಸಿಯನ್ ಚಿಹ್ನೆಗಳ ಪದ್ಧತಿ ಇದೆ. ಬೆಳಕು ಬರುವ ದಿಕ್ಕಿಗೆ ಎದುರಾಗಿ ಅಳೆದ ದೂರ ಋಣ. ಅದಕ್ಕೇ ಸೂತ್ರದಲ್ಲಿ ಮೈನಸ್ ಇದೆ: ಒಂದು ಭಾಗಿಸು ವಿ, ಮೈನಸ್ ಒಂದು ಭಾಗಿಸು ಯು (ವಿ ಅಂದರೆ ಬಿಂಬದ ದೂರ, ಯು ಅಂದರೆ ವಸ್ತುವಿನ ದೂರ). ಅಮೆರಿಕದ ಎಷ್ಟೋ ಪುಸ್ತಕಗಳಲ್ಲಿ ವಸ್ತುವಿನ ದೂರ ಧನ, ಸೂತ್ರದಲ್ಲಿ ಪ್ಲಸ್. ಎರಡೂ ಸರಿ. ಆದರೆ ಅಲ್ಲಿನ ಸೂತ್ರಕ್ಕೆ ಇಲ್ಲಿನ ಚಿಹ್ನೆ ಹಾಕಿದರೆ ಲೆಕ್ಕ ಕೆಡುತ್ತದೆ. ಅದು ಹೇಗೆ ಕೆಡುತ್ತದೆ ಅಂತ ಮುಂದೆ ನೋಡೋಣ.

ಇದಕ್ಕಿಂತ ತಮಾಷೆ ಥರ್ಮೋಡೈನಮಿಕ್ಸ್‌ನದು. ಪ್ರಥಮ ಪಿಯುಸಿ ಫಿಸಿಕ್ಸ್ ಪುಸ್ತಕದಲ್ಲಿ ವ್ಯವಸ್ಥೆ ತಾನೇ ಮಾಡಿದ ಕೆಲಸ ಧನ. ಅದೇ ವರ್ಷದ ಕೆಮಿಸ್ಟ್ರಿ ಪುಸ್ತಕದಲ್ಲಿ ವ್ಯವಸ್ಥೆಯ ಮೇಲೆ ಮಾಡಿದ ಕೆಲಸ ಧನ. ಒಂದೇ ನಿಯಮ, ಒಂದೇ ಮಂಡಳಿಯ ಎರಡು ಪುಸ್ತಕ, ಚಿಹ್ನೆ ಮಾತ್ರ ಉಲ್ಟಾ. ಲೆಕ್ಚರರ್‌ಗಳು ಹೇಳಿಕೊಟ್ಟರೂ ಗೊಂದಲವಾಗುವ ಜಾಗ. ಎಐಗೆ ಸುಮ್ನೆ ‘ಥರ್ಮೋಡೈನಮಿಕ್ಸ್‌ನ ಮೊದಲ ನಿಯಮ ಹೇಳು’ ಅಂದರೆ ಅದು ಯಾವುದನ್ನು ಹೇಳುತ್ತದೋ ದೇವರಿಗೇ ಗೊತ್ತು.

ಸಿಲಬಸ್ ಕೂಡ ಹಾಗೇ. ಎನ್‌ಸಿಇಆರ್‌ಟಿ ಪಾಠಗಳನ್ನು ಕಡಿತ ಮಾಡಿದಾಗ ದ್ವಿತೀಯ ಪಿಯುಸಿ ಕೆಮಿಸ್ಟ್ರಿಯಿಂದ ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ, ಪಾಲಿಮರ್ಸ್‌ನಂಥ ಪಾಠಗಳು ಹೋದವು. ಇಂಟರ್ನೆಟ್ಟಿನಲ್ಲಿ ಇರುವ ನೋಟ್ಸ್ ಬಹುಪಾಲು ಹಳೆಯದು. 2024ರ ಸಿಇಟಿಯಲ್ಲಿ ಪ್ರಶ್ನೆಪತ್ರಿಕೆ ತೆಗೆದವರೇ ಹಳೆ ಸಿಲಬಸ್ಸಿನ ಪ್ರಶ್ನೆ ಹಾಕಿ, ಕೊನೆಗೆ 240ರಲ್ಲಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಮನುಷ್ಯರೇ ಹಾಗೆ ಮಾಡಿರುವಾಗ ಎಐಯನ್ನು ಏನಂತ ನಂಬೋದು ಹೇಳಿ.

ಪರಿಹಾರ ಸುಲಭ. ಎನ್‌ಸಿಇಆರ್‌ಟಿ ವೆಬ್‌ಸೈಟಿನಲ್ಲಿ ಪ್ರತಿ ಪಾಠದ ಪಿಡಿಎಫ್ ಉಚಿತವಾಗಿ ಸಿಗುತ್ತದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಲ್ಲಿ ಹತ್ತನೇ ಕ್ಲಾಸಿನವರೆಗಿನ ಕನ್ನಡ ಮಾಧ್ಯಮದ ಪುಸ್ತಕಗಳೂ ಸಿಗುತ್ತವೆ. ಓದುತ್ತಿರುವ ಪಾಠವೊಂದನ್ನು ಇಳಿಸಿಕೊಂಡು ನೋಟ್‌ಬುಕ್‌ಎಲ್‌ಎಂಗೆ ಹಾಕಿ. ಅದು ನೀವು ಹಾಕಿದ ಪುಟಗಳನ್ನೇ ಆಧಾರ ಮಾಡಿಕೊಂಡು ಉತ್ತರ ಕೊಡುತ್ತದೆ, ಪ್ರತಿ ಮಾತಿನ ಪಕ್ಕ ಎಲ್ಲಿಂದ ತಗೊಂಡೆ ಅಂತ ಗುರುತನ್ನೂ ತೋರಿಸುತ್ತದೆ. ಅದನ್ನು ಒತ್ತಿದರೆ ಪುಸ್ತಕದ ಆ ಸಾಲೇ ಕಾಣುತ್ತದೆ. ಬೇರೆ ಟೂಲ್ ಆದರೆ ಪಿಡಿಎಫ್ ಅಥವಾ ಪುಟದ ಫೋಟೋ ಹಾಕಿ, ಮೊದಲ ಸಾಲಿನಲ್ಲೇ ಹೀಗೆ ಬರೆಯಿರಿ:

‘ನಾನು ಕರ್ನಾಟಕದ ದ್ವಿತೀಯ ಪಿಯುಸಿ ವಿದ್ಯಾರ್ಥಿ. ಈಗಿನ ಎನ್‌ಸಿಇಆರ್‌ಟಿ ಪುಸ್ತಕ ಓದುತ್ತಿದ್ದೇನೆ. ಈ ಪಾಠದಲ್ಲಿರುವ ಚಿಹ್ನೆ, ಸೂತ್ರ, ಪದಗಳನ್ನೇ ಬಳಸು. ಪಾಠದಲ್ಲಿ ಇಲ್ಲದ್ದನ್ನು ಹೇಳಬೇಕಾದರೆ ಅದು ಹೊರಗಿನದು ಅಂತ ತಿಳಿಸು.’

ಇದನ್ನು ಫೋನಿನ ನೋಟ್ಸ್‌ನಲ್ಲಿ ಉಳಿಸಿಟ್ಟುಕೊಳ್ಳಿ. ಪ್ರತಿ ಸಲ ಟೈಪ್ ಮಾಡುವ ಗೋಜು ಬೇಡ. ನೀಟ್ ಬರೆಯುವವರಿಗೆ ಇದು ಇನ್ನೂ ಮುಖ್ಯ, ಯಾಕಂದರೆ ಅಲ್ಲಿ ಬಯಾಲಜಿ ಪ್ರಶ್ನೆಗಳು ಹೆಚ್ಚಾಗಿ ಎನ್‌ಸಿಇಆರ್‌ಟಿ ಸಾಲುಗಳಿಗೇ ಅಂಟಿಕೊಂಡಿರುತ್ತವೆ.

ಹೆಜ್ಜೆ 3: ಮೊದಲು ನೀವು ಬರೆಯಿರಿ

ಲೆಕ್ಕ ನೋಡಿದ ಕೂಡಲೇ ಫೋಟೋ ತೆಗೆದು ಎಐಗೆ ಹಾಕುವುದು, ಬಂದ ಉತ್ತರವನ್ನು ನೋಟ್ಸ್‌ಗೆ ಇಳಿಸುವುದು. ಟರ್ಕಿಯ ಎರಡನೇ ಗುಂಪು ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಓದುವಾಗ ಎಲ್ಲ ಅರ್ಥವಾದಂತೆ ಇರುತ್ತದೆ. ಇನ್ನೊಬ್ಬರು ಈಜುವುದನ್ನು ದಡದಲ್ಲಿ ಕೂತು ನೋಡಿದಂತೆ.

ಅದರ ಬದಲು ಹತ್ತು ನಿಮಿಷ ಫೋನನ್ನು ದೂರ ಇಟ್ಟು, ಪೇಪರ್ ಮೇಲೆ ಆದಷ್ಟು ಬರೆಯಿರಿ. ತಪ್ಪಾದರೂ ಸರಿ, ಅರ್ಧಕ್ಕೆ ನಿಂತರೂ ಸರಿ. ಕನಿಷ್ಠ ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ, ಯಾವ ಸೂತ್ರ ಬೇಕಾಗಬಹುದು ಅನ್ನುವ ಮೂರು ಸಾಲು ಇರಲಿ. ಆಮೇಲೆ ನೀವು ಬರೆದದ್ದನ್ನು ತೋರಿಸಿ.

ಒಂದು ಲೆಕ್ಕ ಮಾಡಿಯೇ ನೋಡೋಣ. 20 ಸೆಂ.ಮೀ. ಸಂಗಮ ದೂರದ ಪೀನ ಮಸೂರ. ಮುಂದೆ 30 ಸೆಂ.ಮೀ. ದೂರದಲ್ಲಿ ಒಂದು ವಸ್ತು. ಬಿಂಬ ಎಲ್ಲಿ ಮೂಡುತ್ತದೆ?

ಒಬ್ಬಳು ಹುಡುಗಿ ಇದನ್ನು ಮಾಡಿದಳು ಅಂದುಕೊಳ್ಳಿ. ಅವಳಿಗೆ 12 ಸೆಂ.ಮೀ. ಬಂತು. ಪುಸ್ತಕದ ಹಿಂದಿನ ಉತ್ತರ 60. ಈಗ ಎಐಗೆ ‘ಈ ಲೆಕ್ಕ ಬಿಡಿಸು’ ಅಂದರೆ ಐದು ಸೆಕೆಂಡಿನಲ್ಲಿ 60 ಬರುತ್ತದೆ, ಅವಳ 12 ಎಲ್ಲಿಂದ ಬಂತು ಅನ್ನುವುದು ಹಾಗೇ ಉಳಿಯುತ್ತದೆ. ಮುಂದಿನ ಲೆಕ್ಕದಲ್ಲಿ ಮತ್ತೆ ಅದೇ ತಪ್ಪು. ಹಾಗೆ ಮಾಡದೆ ಅವಳು ತನ್ನ ಪೇಪರಿನ ಫೋಟೋ ಹಾಕಿ ಹೀಗೆ ಕೇಳಬೇಕು:

‘ಇದು ನಾನು ಮಾಡಿದ ಲೆಕ್ಕ. ಉತ್ತರ ಹೇಳಬೇಡ, ಸರಿ ಮಾಡಿಯೂ ಕೊಡಬೇಡ. ಮೊದಲು ತಪ್ಪಿರುವ ಸಾಲು ಯಾವುದು ಅಂತಷ್ಟೇ ತೋರಿಸು. ಆಮೇಲೆ ನನ್ನನ್ನೇ ಒಂದು ಪ್ರಶ್ನೆ ಕೇಳು.’

ಎಐ ಎರಡನೇ ಸಾಲನ್ನು ತೋರಿಸಿ, ‘ಇಲ್ಲಿ ವಸ್ತುವಿನ ದೂರವನ್ನು ಧನ ಅಂತ ಯಾಕೆ ತಗೊಂಡೆ?’ ಅಂತ ಕೇಳಬಹುದು. ಅಥವಾ ಅವಳು ಮೈನಸ್ 30 ಅಂತಲೇ ಹಾಕಿದ್ದು, ಸೂತ್ರದಲ್ಲಿ ಪ್ಲಸ್ ಬರೆದಿರಬಹುದು. ನಾನು ಮೇಲೆ ಹೇಳಿದ ಎರಡು ಪದ್ಧತಿಗಳ ಬೆರಕೆ ಇದೇ. ಎರಡು ತಪ್ಪುಗಳಲ್ಲೂ 1/20 ಮತ್ತು 1/30 ಕೂಡಿ 1/12 ಆಗುತ್ತದೆ. ಉತ್ತರ 12. ಸರಿಯಾದ ದಾರಿಯಲ್ಲಿ 1/20ರಿಂದ 1/30 ಕಳೆಯಬೇಕು. 1/60 ಬರುತ್ತದೆ, ಬಿಂಬ 60 ಸೆಂ.ಮೀ. ದೂರದಲ್ಲಿ, ತಲೆಕೆಳಗಾಗಿ, ಎರಡು ಪಟ್ಟು ದೊಡ್ಡದಾಗಿ.

ಇಲ್ಲಿಗೇ ನಿಲ್ಲಿಸಬೇಡಿ. ‘ಇದೇ ಲೆಕ್ಕದಲ್ಲಿ ಒಂದೇ ಒಂದು ಸಂಖ್ಯೆ ಬದಲಿಸಿ, ಉತ್ತರದ ಸ್ವಭಾವವೇ ಬದಲಾಗುವಂಥ ಹೊಸ ಲೆಕ್ಕ ಕೊಡು’ ಅನ್ನಿ. ವಸ್ತುವನ್ನು 15 ಸೆಂ.ಮೀ.ಗೆ ತಂದು ನೋಡಿ. ಮತ್ತೆ 60 ಬರುತ್ತದೆ, ಆದರೆ ಮೈನಸ್ 60. ಬಿಂಬ ವಸ್ತು ಇರುವ ಕಡೆಯೇ, ನೇರವಾಗಿ, ನಾಲ್ಕು ಪಟ್ಟು. ಅಂಕಿ ಅದೇ, ಚಿಹ್ನೆ ಮಾತ್ರ ಬೇರೆ, ಚಿತ್ರವೇ ಬೇರೆ. ಈ ಎರಡು ಲೆಕ್ಕ ಕೈಯಲ್ಲಿ ಮಾಡಿದವರಿಗೆ ಚಿಹ್ನೆ ಯಾಕೆ ಬೇಕು ಅಂತ ಯಾರೂ ಮತ್ತೆ ಹೇಳಿಕೊಡಬೇಕಿಲ್ಲ.

ಕೊನೆಗೆ ಚಾಟ್ ಮುಚ್ಚಿ, ಖಾಲಿ ಹಾಳೆಯಲ್ಲಿ ಮೊದಲಿನ ಲೆಕ್ಕವನ್ನು ಪೂರ್ತಿ ಬರೆಯಿರಿ. ಬರೆಯಲು ಆಗದಿದ್ದರೆ ಅರ್ಥವಾಗಿಲ್ಲ ಅಂತಲೇ ಲೆಕ್ಕ, ಎಐ ಎಷ್ಟೇ ‘ಭೇಷ್’ ಅಂದಿದ್ದರೂ.

ಚಾಟ್‌ಜಿಪಿಟಿಯಲ್ಲಿ 2025ರ ಜುಲೈನಿಂದ ಸ್ಟಡಿ ಮೋಡ್ ಇದೆ, ಜೆಮಿನಿಯಲ್ಲಿ ಗೈಡೆಡ್ ಲರ್ನಿಂಗ್ ಇದೆ. ಎರಡೂ ನೇರ ಉತ್ತರದ ಬದಲು ಪ್ರಶ್ನೆ ಕೇಳುತ್ತಾ ಹೋಗುತ್ತವೆ. ಆನ್ ಮಾಡಿಕೊಳ್ಳಿ. ಆದರೆ ಒಂದು ಬಟನ್ ಒತ್ತಿದರೆ ಅದು ಆಫ್ ಆಗುತ್ತದೆ. ರಾತ್ರಿ ನಿದ್ದೆ ಬರುವಾಗ ಆ ಬಟನ್ ಕಡೆಗೇ ಕೈ ಹೋಗುತ್ತದೆ, ಅಲ್ವಾ?

ಹೆಜ್ಜೆ 4: ಕನ್ನಡದಿಂದ ಇಂಗ್ಲಿಷಿಗೆ ದಾಟುವುದು

ಕನ್ನಡ ಮಾಧ್ಯಮದವರಿಗೆ ಎಐಯಿಂದ ಅತಿ ಹೆಚ್ಚು ಲಾಭ ಆಗುವುದು ಇಲ್ಲಿ ಅನ್ನುವುದು ನನ್ನ ಅಭಿಪ್ರಾಯ. ನಿಮಗೆ ಸಂವೇಗ ಗೊತ್ತು, ವೇಗೋತ್ಕರ್ಷ ಗೊತ್ತು, ವಿಭವಾಂತರ ಗೊತ್ತು. ಕ್ಲಾಸಿನಲ್ಲಿ ಮೊಮೆಂಟಮ್, ಆಕ್ಸಲರೇಷನ್, ಪೊಟೆನ್ಷಿಯಲ್ ಡಿಫರೆನ್ಸ್ ಅಂದಾಗ ಅವು ಇವೇ ಅಂತ ತಟ್ಟನೆ ಹೊಳೆಯುವುದಿಲ್ಲ ಅಷ್ಟೆ.

ಹೊಸ ಪಾಠ ಶುರುವಾಗುವ ಹಿಂದಿನ ರಾತ್ರಿ ಆ ಪಾಠದ ಪಿಡಿಎಫ್ ಹಾಕಿ, ಮುಖ್ಯ ಪದಗಳ ಪಟ್ಟಿ ಕೇಳಿ. ಪಕ್ಕದಲ್ಲಿ ಹತ್ತನೇ ಕ್ಲಾಸಿನ ಕನ್ನಡ ಪುಸ್ತಕದಲ್ಲಿದ್ದ ಪದವೂ, ಒಂದು ಸಾಲಿನ ಸರಳ ವಿವರಣೆಯೂ ಇರಲಿ. ಆ ಕನ್ನಡ ಪುಸ್ತಕದ ಪಾಠವನ್ನೂ ಜೊತೆಗೆ ಹಾಕಿದರೆ ಪಟ್ಟಿ ಸರಿಯಾಗಿ ಬರುತ್ತದೆ. ಇಲ್ಲದಿದ್ದರೆ ಎಐ ತನಗೆ ತೋಚಿದ ಕನ್ನಡ ಪದ ಕಟ್ಟಿಬಿಡುತ್ತದೆ, ಅದು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಬಂದ ಪಟ್ಟಿಯನ್ನು ಕೈಯಲ್ಲಿ ಬರೆದುಕೊಳ್ಳಿ. ಮಾರನೇ ದಿನ ಕ್ಲಾಸಿನಲ್ಲಿ ಕೂತಾಗ ವ್ಯತ್ಯಾಸ ಗೊತ್ತಾಗುತ್ತದೆ.

ಅರ್ಥ ಮಾಡಿಕೊಳ್ಳುವಾಗ ಕನ್ನಡ, ಬರೆಯುವಾಗ ಇಂಗ್ಲಿಷ್ ಅಂತ ಇಟ್ಟುಕೊಳ್ಳಿ. ಮೊದಲು ‘ಕನ್ನಡದಲ್ಲಿ ವಿವರಿಸು, ಟೆಕ್ನಿಕಲ್ ಪದಗಳನ್ನು ಮಾತ್ರ ಇಂಗ್ಲಿಷಿನಲ್ಲೇ ಬಿಡು’ ಅನ್ನಿ. ಅರ್ಥವಾದ ಮೇಲೆ ಉತ್ತರವನ್ನು ನಿಮಗೆ ಬಂದ ಇಂಗ್ಲಿಷಿನಲ್ಲಿ ಬರೆಯಿರಿ, ತಪ್ಪಿದ್ದರೂ ಪರವಾಗಿಲ್ಲ. ಅದನ್ನು ತೋರಿಸಿ ‘ಪೂರ್ತಿ ತಿದ್ದಿ ಬರೆಯಬೇಡ, ಮುಖ್ಯವಾದ ಮೂರು ತಪ್ಪು ಹೇಳು, ಯಾಕೆ ತಪ್ಪು ಅಂತ ಕನ್ನಡದಲ್ಲಿ ಹೇಳು’ ಅಂತ ಕೇಳಿ. ಪೂರ್ತಿ ತಿದ್ದಿಸಿಕೊಂಡರೆ ಬರುವುದು ಎಐಯ ಇಂಗ್ಲಿಷ್. ಪರೀಕ್ಷೆಯ ಕೋಣೆಯಲ್ಲಿ ಅದು ಕೈಗೆ ಬರುವುದಿಲ್ಲ.

ಧ್ವನಿಯಲ್ಲಿ ಮಾತಾಡುವ ಸೌಲಭ್ಯವನ್ನು ಪ್ರಾಕ್ಟಿಕಲ್ ವೈವಾಗೆ ಬಳಸಿ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಒಂದೊಂದಕ್ಕೂ ಪ್ರಾಕ್ಟಿಕಲ್‌ಗೆ 30 ಅಂಕ ಇದೆ. ಉತ್ತರ ಗೊತ್ತಿದ್ದೂ ಇಂಗ್ಲಿಷಿನಲ್ಲಿ ಬಾಯಿ ಬಿಡಲಾಗದೆ ಅಂಕ ಕಳಕೊಳ್ಳುವವರು ಇದ್ದಾರೆ. ‘ನೀನು ಎಕ್ಸಾಮಿನರ್. ಮೀಟರ್ ಬ್ರಿಡ್ಜ್ ಪ್ರಯೋಗದ ಮೇಲೆ ಒಂದೊಂದೇ ಪ್ರಶ್ನೆ ಇಂಗ್ಲಿಷಿನಲ್ಲಿ ಕೇಳು. ನಾನು ತಡವರಿಸಿದರೆ ಕಾಯು’ ಅಂತ ಶುರು ಮಾಡಿ. ನಗುವವರು ಯಾರೂ ಇರುವುದಿಲ್ಲ. ಹಾಸ್ಟೆಲ್ ರೂಮಿನಲ್ಲಿ ಆದರೆ ಗೆಳೆಯರು ನಗಬಹುದು, ಅವರನ್ನೂ ಸೇರಿಸಿಕೊಳ್ಳಿ.

ಇನ್ನೊಂದು ತಾಂತ್ರಿಕ ಸಂಗತಿ. ಈ ಮಾಡೆಲ್‌ಗಳು ಪಠ್ಯವನ್ನು ಚೂರು ಚೂರಾಗಿ ಒಡೆದು ಓದುತ್ತವೆ. ಕನ್ನಡವನ್ನು ಇಂಗ್ಲಿಷಿಗಿಂತ ಜಾಸ್ತಿ ಚೂರು ಮಾಡುತ್ತವೆ. ಹಾಗಾಗಿ ಕನ್ನಡದಲ್ಲಿ ಉತ್ತರ ನಿಧಾನ ಅನ್ನಿಸಬಹುದು, ಉಚಿತ ಮಿತಿಯೂ ಬೇಗ ಮುಗಿಯಬಹುದು. ಅವು ಕಲಿತಿರುವ ಕನ್ನಡವೂ ಇಂಗ್ಲಿಷಿಗೆ ಹೋಲಿಸಿದರೆ ತೀರಾ ಕಮ್ಮಿ. ಕನ್ನಡ ವಿವರಣೆ ಎಲ್ಲಾದರೂ ವಿಚಿತ್ರ ಅನ್ನಿಸಿದರೆ ಅದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿ ಹೋಲಿಸಿ.

ಹೆಜ್ಜೆ 5: ಪ್ರಶ್ನೆ ಕೇಳುವ ಕೆಲಸ ಅದಕ್ಕೆ ಕೊಡಿ

ಮತ್ತೆ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದು ಹೆಚ್ಚು ಕಾಲ ಉಳಿಯುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ಅಳೆದು ತೋರಿಸಿದರು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಓದಿದವರೇ ಮುಂದೆ. ಒಂದು ವಾರದ ನಂತರ ಕೇಳಿದರೆ ನೆನಪಿಸಿಕೊಂಡು ಬರೆದವರು ಮುಂದೆ. ಪರೀಕ್ಷೆ ಬರುವುದು ಐದು ನಿಮಿಷಕ್ಕಲ್ಲ.

ಹಾಗಾಗಿ ‘ಈ ಪಾಠದ ಸಾರಾಂಶ ಕೊಡು’ ಅನ್ನುವ ಅಭ್ಯಾಸ ಬಿಡಿ. ಸಾರಾಂಶ ಮಾಡುವುದೇ ನಿಮ್ಮ ಕಲಿಕೆ, ಅದನ್ನು ಅದಕ್ಕೆ ಒಪ್ಪಿಸಿದರೆ ಉಳಿಯುವುದೇನು? ಪಾಠ ಓದಿ, ಪುಸ್ತಕ ಮುಚ್ಚಿ, ನೆನಪಿದ್ದದ್ದನ್ನು ಒಂದು ಪುಟ ಬರೆಯಿರಿ. ಅದರ ಫೋಟೋ ಹಾಕಿ, ‘ಈ ಪಾಠಕ್ಕೆ ಹೋಲಿಸಿದರೆ ನಾನು ಏನು ಬಿಟ್ಟಿದ್ದೇನೆ, ಏನು ತಪ್ಪು ಬರೆದಿದ್ದೇನೆ?’ ಅಂತ ಕೇಳಿ.

ಅಣಕು ಪರೀಕ್ಷೆಗೆ ಹಳೆ ಪ್ರಶ್ನೆಪತ್ರಿಕೆಗಳೇ ಮೇಲು. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ತಾಣದಲ್ಲಿ ಮಾದರಿ ಪತ್ರಿಕೆಗಳು ಸಿಗುತ್ತವೆ. ಮಂಡಳಿ ಕೊಟ್ಟ ಮಾದರಿ ಉತ್ತರ ಸಿಕ್ಕಿದರೆ ಅದನ್ನೂ ಎಐಗೆ ಕೊಡಿ. ಐದು ಅಂಕದ ಪ್ರಶ್ನೆಗೆ ನೀವು ಬರೆದ ಉತ್ತರ ಹಾಕಿ, ಅದರ ಪ್ರಕಾರ ಅಂಕ ಹಾಕಲು ಹೇಳಿ. ‘ಕಟ್ಟುನಿಟ್ಟಾಗಿ ಹಾಕು, ಹೊಗಳಬೇಡ’ ಅಂತ ಸೇರಿಸಿ. ಇಲ್ಲದಿದ್ದರೆ ಅದು ಧಾರಾಳಿ, ಐದಕ್ಕೆ ನಾಲ್ಕೂವರೆ ಕೊಟ್ಟು ಕೂರಿಸುತ್ತದೆ.

ತಪ್ಪಾದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೂರು ದಿನ ಬಿಟ್ಟು, ಆಮೇಲೆ ಹತ್ತು ದಿನ ಬಿಟ್ಟು, ಆಮೇಲೆ ತಿಂಗಳು ಬಿಟ್ಟು ಅವನ್ನೇ ಮತ್ತೆ ಮಾಡಿ. ಈ ನೋಟ್‌ಬುಕ್ ಎಐ ಒಳಗೆ ಬೇಡ, ಕಾಗದದಲ್ಲೇ ಇರಲಿ. ಹುಡುಕುವುದು ಸುಲಭ, ಪರೀಕ್ಷೆಯ ಹಿಂದಿನ ದಿನ ಕೈಯಲ್ಲಿ ಹಿಡಿದು ಕೂರಬಹುದು.

ಹೆಜ್ಜೆ 6: ಎಲ್ಲಿ ನಂಬಬಾರದು

ಎಐ ಮಾಡೆಲ್ ಮುಂದಿನ ಪದ ಯಾವುದಿರಬಹುದು ಅಂತ ಲೆಕ್ಕ ಹಾಕುತ್ತಾ ವಾಕ್ಯ ಕಟ್ಟುತ್ತದೆ. ಗೊತ್ತಿರುವುದನ್ನು ಹೇಳುವಾಗಲೂ, ಗೊತ್ತಿಲ್ಲದ್ದನ್ನು ಕಟ್ಟುವಾಗಲೂ ದನಿ ಒಂದೇ. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಚಾಟ್‌ಜಿಪಿಟಿ ಕೊಟ್ಟ ಹಳೆ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದರು. ಆ ತೀರ್ಪುಗಳು ಇರಲೇ ಇಲ್ಲ. 5,000 ಡಾಲರ್ ದಂಡ ಬಿತ್ತು. ಮೋಜಿನ ಸಂಗತಿ ಅಂದರೆ, ಒಬ್ಬ ವಕೀಲರು ‘ಇವು ನಿಜವಾದ ಕೇಸುಗಳೇ?’ ಅಂತ ಚಾಟ್‌ಜಿಪಿಟಿಯನ್ನೇ ಕೇಳಿದ್ದರು. ಅದು ಹೌದು ಅಂದಿತ್ತು.

ಅದಕ್ಕೇ ‘ಇದು ಸರೀನಾ?’ ಅಂತ ಅದನ್ನೇ ಕೇಳುವುದು ಪರಿಶೀಲನೆ ಆಗುವುದಿಲ್ಲ. ನೀವು ಅನುಮಾನಪಟ್ಟರೆ ಸರಿ ಉತ್ತರವನ್ನೂ ಅದು ‘ಕ್ಷಮಿಸಿ’ ಅಂತ ಬದಲಾಯಿಸಿಬಿಡಬಹುದು. ಪುಸ್ತಕ ತೆಗೆದು ನೋಡಿ. ಲೆಕ್ಕವಾದರೆ ಉತ್ತರವನ್ನು ಸಮೀಕರಣಕ್ಕೆ ಹಾಕಿ ನೋಡಿ, ಯೂನಿಟ್ ಸರಿ ಇದೆಯಾ ನೋಡಿ.

ಅತಿ ಹೆಚ್ಚು ಎಚ್ಚರ ಬೇಕಾದದ್ದು ಕನ್ನಡ ವಿಷಯಕ್ಕೇ. ಹಳಗನ್ನಡ ಪದ್ಯ ಕೊಟ್ಟು ಅರ್ಥ ಕೇಳಿದರೆ ಇಲ್ಲದ ಅರ್ಥವನ್ನು ಬಹಳ ಗಂಭೀರವಾಗಿ ಬರೆದುಕೊಡುತ್ತದೆ. ಕಂದ ಪದ್ಯದ ನಾಲ್ಕು ಸಾಲುಗಳಲ್ಲಿ 12, 20, 12, 20 ಮಾತ್ರೆ ಇರಬೇಕು. ಪ್ರಸ್ತಾರ ಹಾಕಲು ಹೇಳಿ ನೋಡಿ. ಎಷ್ಟೋ ಸಲ ಲಘು-ಗುರು ಎಡವಟ್ಟು ಮಾಡಿ, ಕೊನೆಗೆ ಮೊತ್ತ ಮಾತ್ರ ಸರಿಯಾಗಿದೆ ಅಂತ ಬರೆದಿರುತ್ತದೆ. ಸಂಧಿಯಲ್ಲೂ ಹಾಗೇ. ‘ಮಳೆಗಾಲ’ ಆದೇಶ ಸಂಧಿ ಅಂತ ಸರಿಯಾಗಿ ಹೇಳಿದ್ದು, ಪಕ್ಕದ ಪದದಲ್ಲಿ ಲೋಪ, ಆಗಮ ಅದಲುಬದಲು ಮಾಡಬಹುದು. ಇದಕ್ಕೆ ನಿಮ್ಮ ಕನ್ನಡ ಮೇಷ್ಟ್ರು, ಮೇಡಂ ಅವರೇ ಸರಿ. ಪದದ ಅರ್ಥಕ್ಕೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ತಾಣದಲ್ಲಿ ನಿಘಂಟುಗಳು ಉಚಿತವಾಗಿವೆ.

ಚಿತ್ರಗಳನ್ನಂತೂ ಮಾಡಿಸಲೇಬೇಡಿ. ಹೃದಯದ ಚಿತ್ರ ಬರೆದುಕೊಡು ಅಂದರೆ ನೋಡಲು ಚಂದ ಇರುತ್ತದೆ, ರಕ್ತನಾಳದ ಹೆಸರು ಎಲ್ಲೋ ಅಂಟಿಕೊಂಡಿರುತ್ತದೆ. ಪುಸ್ತಕದ ಚಿತ್ರವನ್ನೇ ಪೆನ್ಸಿಲ್ ಹಿಡಿದು ಅಭ್ಯಾಸ ಮಾಡಿ.

ಹೆಜ್ಜೆ 7: ಅಸೈನ್‌ಮೆಂಟ್, ಪ್ರಾಜೆಕ್ಟ್

ಇಲ್ಲಿ ನೇರವಾಗಿ ಹೇಳುತ್ತೇನೆ. ಎಐ ಬರೆದದ್ದನ್ನು ನಿಮ್ಮದು ಅಂತ ಕೊಡುವುದು ಕಾಪಿ ಹೊಡೆದ ಹಾಗೇ. ಸಿಕ್ಕಿಬೀಳುತ್ತೀರೋ ಇಲ್ಲವೋ ಅನ್ನುವುದು ಬೇರೆ ಪ್ರಶ್ನೆ. ಎಐ ಬರಹವನ್ನು ಪತ್ತೆ ಮಾಡುತ್ತೇವೆ ಅನ್ನುವ ಸಾಫ್ಟ್‌ವೇರ್‌ಗಳನ್ನು ಪೂರ್ತಿ ನಂಬುವಂತಿಲ್ಲ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದು ಅಂತ 2023ರ ಜುಲೈನಲ್ಲಿ ವಾಪಸ್ ತಗೊಂಡಿತು. ಅಂದರೆ ನೀವೇ ಬರೆದದ್ದನ್ನೂ ಎಐ ಬರಹ ಅಂತ ಅನುಮಾನಿಸುವ ಸಾಧ್ಯತೆ ಇದೆ. ಅದಕ್ಕೆ ಕಚ್ಚಾ ಪ್ರತಿಗಳನ್ನು ಬಿಸಾಡಬೇಡಿ. ಚಿತ್ತು ಕಾಟು ಇರುವ ಹಾಳೆಗಳೇ ನಿಮ್ಮ ಸಾಕ್ಷಿ.

ಪ್ರಾಜೆಕ್ಟ್‌ಗೆ ವಿಷಯ ಹುಡುಕಲು, ಊರಿನಲ್ಲಿ ಸಮೀಕ್ಷೆ ಮಾಡುವಾಗ ಯಾವ ಪ್ರಶ್ನೆ ಕೇಳಬೇಕು ಅಂತ ಯೋಚಿಸಲು ಎಐ ಬಳಸಿ, ಬಳಸಿದ್ದನ್ನು ಕೊನೆಯಲ್ಲಿ ಒಂದು ಸಾಲು ಬರೆದು ತಿಳಿಸಿ. ನಿಮ್ಮ ಕಾಲೇಜಿನ ನಿಯಮ ಏನು ಅಂತ ಲೆಕ್ಚರರ್ ಹತ್ತಿರ ಮೊದಲೇ ಕೇಳಿ. ಸಮೀಕ್ಷೆಯ ಅಂಕಿಗಳನ್ನು ಮಾತ್ರ ಎಂದೂ ಎಐಯಿಂದ ತುಂಬಿಸಬೇಡಿ.

ಫೋನ್ ಇಲ್ಲದವರು, ಪರೀಕ್ಷೆ ಹತ್ತಿರ ಬಂದವರು

ಮನೆಯಲ್ಲಿ ಒಂದೇ ಫೋನ್ ಇದ್ದು ಅದು ರಾತ್ರಿ ಎಂಟರ ಮೇಲೆ ಮಾತ್ರ ಸಿಗುವುದಾದರೆ, ಹಗಲಿಡೀ ಬಂದ ಡೌಟ್‌ಗಳನ್ನು ಹಾಳೆಯಲ್ಲಿ ಬರೆದಿಟ್ಟು ಅರ್ಧ ಗಂಟೆಯಲ್ಲಿ ಕೇಳಿ ಮುಗಿಸಿ. ಸದಾ ಫೋನ್ ಕೈಯಲ್ಲಿರುವವರಿಗಿಂತ ಇವರೇ ಎಐಯನ್ನು ಚೆನ್ನಾಗಿ ಬಳಸಬಹುದು, ಯಾಕಂದರೆ ಅರ್ಧ ಡೌಟ್‌ಗಳು ರಾತ್ರಿಯಾಗುವುದರೊಳಗೆ ತಾವೇ ಬಗೆಹರಿದಿರುತ್ತವೆ. ಅದೂ ಇಲ್ಲದಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರದಲ್ಲಿ ವಿಚಾರಿಸಿ. ಬಹಳ ಕಡೆ ಕಂಪ್ಯೂಟರ್ ಮತ್ತು ಇಂಟರ್ನೆಟ್ ಇದೆ. ಸಾರ್ವಜನಿಕ ಕಂಪ್ಯೂಟರ್ ಆದ್ದರಿಂದ ಏಳುವ ಮೊದಲು ಲಾಗೌಟ್ ಮರೆಯಬೇಡಿ.

ಪರೀಕ್ಷೆಗೆ ಇನ್ನು ಮೂರು ವಾರ ಇದೆ ಅನ್ನುವಾಗ ಹೊಸದಾಗಿ ಎಐಯಿಂದ ನೋಟ್ಸ್ ಮಾಡಿಸಲು ಹೋಗಬೇಡಿ. ಆಗ ಅದರ ಕೆಲಸ ಎರಡೇ: ನೀವು ಸಮಯ ಇಟ್ಟು ಬರೆದ ಪತ್ರಿಕೆಗೆ ಅಂಕ ಹಾಕುವುದು, ತಪ್ಪಾದ ಲೆಕ್ಕದಲ್ಲಿ ತಪ್ಪಿರುವ ಸಾಲು ತೋರಿಸುವುದು. ಉಳಿದ ಹೊತ್ತು ಡೇಟಾ ಆಫ್ ಮಾಡಿ, ತಪ್ಪುಗಳ ಆ ನೋಟ್‌ಬುಕ್ ತೆಗೆದು ಮೊದಲ ಪುಟದಿಂದ ಮಾಡುತ್ತಾ ಬನ್ನಿ.